ಚಾಳೀಸಿಗೊಂದು ಬೀಳ್ಕೊಡುಗೆ

“ಮಮತಾ, ಕೇಳು! ಇವತ್ತಿಗೆ ಈ ಚಾಳೀಸಿನ ಋಣ ಹರೀತು!”

ಮಸ್ಕಿಯ ಹೈಸ್ಕೂಲೊಂದರ ದೈಹಿಕ ಶಿಕ್ಷಕ ಸಿದ್ದರಾಮೇಶ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ಒಂದು ಕೈಯಲ್ಲಿ ಮೈನಸ್ ನಾಲ್ಕು ನಂಬರಿನ ಕನ್ನಡಕವಿತ್ತು, ಇನ್ನೊಂದು ಕೈ ಸೊಂಟದ ಮೇಲಿತ್ತು. ಆದರೆ ಕನ್ನಡಕ ತೆಗೆದಿದ್ದರಿಂದ ಅವನು ಮಾತಾಡುತ್ತಿದ್ದುದು ಹೆಂಡತಿಯ ಜೊತೆಗಲ್ಲ, ಗೂಟಕ್ಕೆ ತೂಗುಹಾಕಿದ್ದ ಅವಳ ಸೀರೆಯ ಜೊತೆಗೆ.

“ನಾ ಇಲ್ಲಿ ಅದೀನ್ರಿ,” ಎಂದಳು ಮಮತಾ, ಅಡುಗೆಮನೆಯ ಬಾಗಿಲಿನಿಂದ.

“ಇದಕ್ಕ! ಇದಕ್ಕ ನೋಡು ಬ್ಯಾಸರಾಗಿದ್ದು!”

ಬೇಸರಕ್ಕೆ ಕಾರಣ ಹಿಂದಿನ ವಾರ ಲಿಂಗಸುಗೂರಿನಲ್ಲಿ ನಡೆದ ಕ್ರೀಡಾಕೂಟ. ಫೋಟೋದಲ್ಲಿ ಎಳೆಯನಂತೆ ಕಾಣಬೇಕೆಂದು ಸಿದ್ದರಾಮೇಶ ಕನ್ನಡಕ ತೆಗೆದು ಜೇಬಿಗಿಳಿಸಿದ್ದ. ಹಾಗೇ ವೇದಿಕೆ ಹತ್ತಿ, ಮುಖ್ಯ ಅತಿಥಿಗೆ ಹಾಕಬೇಕಾದ ಮಾಲೆಯನ್ನು ಬಿಳಿ ಅಂಗಿ ತೊಟ್ಟು ಮೈಕು ಸರಿಮಾಡುತ್ತಿದ್ದ ಮೈಕ್‌ಸೆಟ್ಟಿನವನ ಕೊರಳಿಗೆ ಹಾಕಿ, ಕೈಮುಗಿದು, “ತಾವು ಬಂದಿದ್ದು ನಮ್ಮ ಭಾಗ್ಯ” ಎಂದುಬಿಟ್ಟ. ಮೈಕು ಚಾಲೂ ಇತ್ತು! ಇಡೀ ಮೈದಾನ ಕೇಳಿತು. ಮಾಲೆ ಬಿದ್ದ ಮೇಲೆ ಮೈಕ್‌ಸೆಟ್ಟಿನವನು ಎರಡು ಮಾತಾಡಲು ಗಂಟಲನ್ನೂ ಸರಿಮಾಡಿಕೊಂಡನಂತೆ. ಅದರ ವಿಡಿಯೋ ಈಗ ಮೂರು ತಾಲ್ಲೂಕಿನ ಶಿಕ್ಷಕರ ಮೊಬೈಲಿನಲ್ಲಿ ಓಡಾಡುತ್ತಿತ್ತು.

“ಸಿಂಧನೂರಿಗೆ ಲೇಜರ್ ಮಷೀನ್ ಬಂದೈತಂತ. ಎಂಟೇ ನಿಮಿಷ! ಹದ್ದಿನ ಕಣ್ಣು ಕೊಟ್ಟು ಕಳಸ್ತಾರಂತ!”

“ಈ ವಯಸ್ಸಿನಾಗ ಬೇಕೇನ್ರಿ?”

“ಯಾವ ವಯಸ್ಸು? ನಂದೇನ್ ವಯಸ್ಸಾಗೇತಿ? ಮೂವತ್ತೊಂಬತ್ತು!”

ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ಆಧಾರ್ ಕಾರ್ಡಿನ ಪ್ರಕಾರ ಸಿದ್ದರಾಮೇಶನಿಗೆ ಮೂವತ್ತೊಂಬತ್ತು. ಅವನ ಅವ್ವ ಯಮನೂರಮ್ಮನ ಪ್ರಕಾರ ನಲವತ್ತನಾಲ್ಕು. ನಡುವಿನ ಐದು ವರ್ಷ ಪಾಮನಕಲ್ಲೂರಿನ ಹೊಲಗಳಲ್ಲಿ ಕುರಿಗಳ ಹಿಂದೆ ಕಳೆದುಹೋಗಿದ್ದವು. ಹನ್ನೊಂದು ತುಂಬಿದ ಮೇಲೆ ಯಮನೂರಮ್ಮ ಅವನನ್ನು ಶಾಲೆಗೆ ಎಳೆದೊಯ್ದಳು. ಆಗ ವಯಸ್ಸಿನ ಪರೀಕ್ಷೆಯೆಂದರೆ ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಡೆಯ ಕಿವಿ ಮುಟ್ಟುವುದು. ಮುಟ್ಟಿದರೆ ಆರು ವರ್ಷ. ಸಿದ್ದರಾಮೇಶನ ಕೈ ಕಿವಿಯನ್ನು ದಾಟಿ ಗದ್ದವನ್ನೇ ತುರಿಸಿತು! “ಮುಟ್ಟೈತಲ್ರಿ, ಬರಕೋರಿ,” ಎಂದಳು ಯಮನೂರಮ್ಮ. ಹೆಡ್‌ಮಾಸ್ತರು ಆರು ಎಂದು ಬರೆದುಕೊಂಡು, ಊರಿನ ಎಲ್ಲ ಮಕ್ಕಳಿಗೂ ಕೊಡುತ್ತಿದ್ದ ಜೂನ್ ಒಂದನ್ನೇ ಇವನಿಗೂ ಹುಟ್ಟಿದ ದಿನವಾಗಿ ದಯಪಾಲಿಸಿದರು.

ಮುಂದೆ ಮದುವೆಯ ಮಾತುಕತೆಯಲ್ಲಿ ಮಮತಾಳ ಅಪ್ಪ ನರಸಣ್ಣ, “ಹುಡುಗ ಹುಡುಗಿಗೆ ಐದು ವರ್ಷಕ್ಕಿಂತ ಹೆಚ್ಚು ಫರಕ್ ಇರಬಾರದು ನೋಡ್ರಿ” ಎಂದು ಪಟ್ಟು ಹಿಡಿದಾಗ ಆ ಜೂನ್ ಒಂದೇ ಸಿದ್ದರಾಮೇಶನ ಮಾನ ಕಾಪಾಡಿತು. ಅವ್ವನ ಕೈಯಿಂದ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದ. ಹನ್ನೆರಡು ವರ್ಷವಾಗಿತ್ತು. ಗುಟ್ಟು ಗಟ್ಟಿಯಾಗಿ ಕೂತಿತ್ತು.

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅಂಬಿಕಾ ಕೇಳಿದ ಮೊದಲ ಪ್ರಶ್ನೆಯೇ ಅದು.

“ವಯಸ್ಸು?”

“ಮೂವತ್ತೊಂಬತ್ತು!”

“ಖರೇ ಹೇಳ್ರಿ. ಯಾಕ ಕೇಳ್ತೀನಂದ್ರ, ನಲವತ್ತು ದಾಟಿದವರಿಗೆ ಲೇಜರ್ ಮಾಡಿದ್ರ ದೂರದ್ದು ಚಲೋ ಕಾಣ್ತದ. ಹತ್ತಿರದ್ದು ಓದಾಕ ಬ್ಯಾರೇ ಚಾಳೀಸು ಬೇಕಾಗ್ತದ.”

“ಮ್ಯಾಡಮ್, ನಾ ಪಿ.ಟಿ. ಮಾಸ್ತರ. ದಿನಾ ಮುಂಜಾನೆ ಐದು ಕಿಲೋಮೀಟರ್ ಓಡ್ತೀನಿ!”

“ನೀವು ಓಡ್ತೀರಿ, ಕಣ್ಣು ಓಡಂಗಿಲ್ರಿ,” ಎಂದು ಡಾಕ್ಟರು ಸಣ್ಣಕ್ಷರದ ಕಾರ್ಡು ಕೈಗಿತ್ತರು. ಪರೀಕ್ಷೆಯ ಗಾಜಿನೊಳಗಿಂದ ನೋಡಿದರೆ ಕಾರ್ಡಿನ ತುಂಬ ಇರುವೆಗಳ ಸಾಲು. ಮನೆಯಲ್ಲಾದರೆ ಪೇಪರ್ ಓದುವಾಗ ಕನ್ನಡಕವನ್ನು ಹಣೆಗೇರಿಸಿಬಿಡುತ್ತಿದ್ದ. ಅದು ಸ್ಟೈಲು ಎಂದು ಮಮತಾಳಿಗೆ ಹೇಳಿದ್ದ. ಇಲ್ಲಿ ಏರಿಸುವಂತಿರಲಿಲ್ಲ. ಆದರೆ ತನಗಿಂತ ಮೊದಲು ಒಳಗೆ ಹೋದವರು ಅದೇ ಕಾರ್ಡನ್ನು ಮೂರು ಸಲ ಗಟ್ಟಿಯಾಗಿ ಓದಿದ್ದು ಕಿವಿಗೆ ಬಿದ್ದಿತ್ತಲ್ಲ! ನಾಲ್ಕೂ ಸಾಲನ್ನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ. ಕಾರ್ಡು ತಲೆಕೆಳಗಾಗಿತ್ತು. ಏನೋ ಬರೆದುಕೊಳ್ಳುತ್ತಿದ್ದ ಡಾಕ್ಟರು ನೋಡಲಿಲ್ಲ. ಪಕ್ಕದಲ್ಲಿ ಕೂತ ಮಮತಾ ನೋಡಿದಳು.

ಹೊರಗೆ ಬಂದವನೇ ಸಿದ್ದರಾಮೇಶ ಎದೆಯುಬ್ಬಿಸಿದ. “ನೀನೂ ಕೇಳು, ಈ ಸಿಂಧನೂರೂ ಕೇಳಲಿ! ಲೇಜರ್ ಆದ ಮ್ಯಾಲ ನನ್ನ ಮೂಗಿನ ಮ್ಯಾಲ ಚಾಳೀಸು ಕಂಡ್ರ, ಜೀವ ಇರೋತನಕ ಪ್ರತಿ ರವಿವಾರ ಮನಿಮಂದಿಗೆಲ್ಲ ರೊಟ್ಟಿ ನಾನ ಬಡೀತೀನಿ!”

ಹೆಂಡತಿ “ಅಯ್ಯ, ಹಂಗೆಲ್ಲ ಮಾತಾಡಬ್ಯಾಡ್ರಿ” ಎನ್ನುತ್ತಾಳೆಂದು ಅವನ ಅಂದಾಜು. ಮಮತಾ ಥಟ್ಟನೆ ಕೈ ಚಾಚಿದಳು. “ಹಾಕ್ರಿ ಕೈ ಮ್ಯಾಲ ಕೈ!”

ಇಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಧೈರ್ಯವಂತನಿಗೆ ಇಂಥ ಅನುಮಾನಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮರುವಾರ ಲೇಜರ್ ಆಯಿತು. ನಿಜಕ್ಕೂ ಎಂಟೇ ನಿಮಿಷ. ಕರಿ ಕನ್ನಡಕ ಹಾಕಿಸಿಕೊಂಡು, ಮೂರು ಬಾಟಲಿ ಡ್ರಾಪ್ಸು ಹಿಡಿದುಕೊಂಡು, ತಲೆಗೆ ನೀರು ಹಾಕಬೇಡ, ಕಣ್ಣು ಉಜ್ಜಬೇಡ, ಹೊಗೆಗೆ ಹೋಗಬೇಡ, ಮೊಬೈಲ್ ನೋಡಬೇಡ ಎಂಬ ಬೇಡಗಳನ್ನೆಲ್ಲ ಕಟ್ಟಿಕೊಂಡು ಬಸ್ಸು ಹತ್ತಿದ. ಕಾಲುವೆಯ ಸೇತುವೆ ಬಂದದ್ದೇ ತಡ, ಹಳೆಯ ಕನ್ನಡಕವನ್ನು ಹಣೆಗೆ ಒತ್ತಿಕೊಂಡು, “ಇಪ್ಪತ್ತು ವರ್ಷದ ಸೇವಾಕ್ಕ ಧನ್ಯವಾದ!” ಎಂದು ಕಿಟಕಿಯಿಂದ ನೀರಿಗೆಸೆದ.

“ಕಾಲುವ್ಯಾಗಿನ ಮೀನಿಗೆ ಯಾಕ ಬೇಕ್ರೀ ಮೈನಸ್ ನಾಕು?” ಎಂದಳು ಮಮತಾ.

ಮನೆಯಲ್ಲಿ ಯಮನೂರಮ್ಮ ಪಾಮನಕಲ್ಲೂರಿನಿಂದ ಗಂಟುಮೂಟೆ ಸಮೇತ ಬಂದು ಕೂತಿದ್ದಳು. ಮಗ ದಿನವೂ ಹುಡುಗರಿಗೆ ಲೇಜಿಮ್ ಕುಣಿತ ಕಲಿಸುವವನಾದ್ದರಿಂದ ಫೋನಿನಲ್ಲಿ ಕೇಳಿದ ಮಾತು ಅವಳಿಗೆ ಬೇರೆಯೇ ಆಗಿ ಕೇಳಿತ್ತು.

“ಎಪ್ಪಾ ಸಿದ್ದ, ಕೈಯಾಗ ಆಡ್ಸೂ ಲೇಜಿಮ್ ಕಣ್ಣಾಗ ಯಾಕ ಹಾಕಿಸಿಕೊಂಡ್ಯೋ?”

“ಲೇಜಿಮ್ ಅಲ್ಲಬೇ, ಲೇಜರ್! ಬೆಳಕು!”

“ಬೆಳಕು ಬೇಕಂದ್ರ ಕಿಟಕಿ ತೆಗದ್ರ ಸಾಕಾಗಿತ್ತು.”

ಅವಳ ಗಂಟಿನಲ್ಲಿ ನೆತ್ತಿಗೆ ಹರಳೆಣ್ಣೆಯಿತ್ತು, ಕಣ್ಣಿಗೆ ಹಿಂಡಲು ಆಡಿನ ಹಾಲಿತ್ತು. ಸಿದ್ದರಾಮೇಶ ಮೂರು ದಿನ ಕೋಣೆಯಿಂದ ಕೋಣೆಗೆ ಓಡಿದ. ಹಾಲಿಗಿಂತ ಅವನಿಗೆ ಅವಳ ಬಾಯಿಯದೇ ಹೆದರಿಕೆ. “ಇವ ಹುಟ್ಟಿದ ವರ್ಷ ನೋಡವ್ವಾ ಮಮತಾ, ನಮ್ಮ ಮನಿಗೆ ರೇಡಿಯೋ...” ಎಂದು ಆಕೆ ಶುರುಮಾಡಿದರೆ ಸಾಕು, “ಅಯ್ಯಯ್ಯೋ ಕಣ್ಣು!” ಎಂದು ಚೀರಿಬಿಡುತ್ತಿದ್ದ. ದಿನಕ್ಕೆ ನಾಲ್ಕು ಸಲ ಚೀರಿ ಗಂಟಲು ಕೆಟ್ಟಿತು. ಕಣ್ಣು ಮಾತ್ರ ಚೆನ್ನಾಗಿತ್ತು.

ಚೆನ್ನಾಗಿತ್ತು ಎಂದರೆ ಎಷ್ಟು! ಎದ್ದು ನೋಡಿದರೆ ಕನ್ನಡಕವಿಲ್ಲದೆಯೇ ಅಂಗಳದಾಚೆಯ ಬೇವಿನ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಬಾಗಿಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಮಮತಾ ಕಂಡಳು. ಅವನಿಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣಂಚು ಒದ್ದೆಯಾಯಿತು.

“ಮಮತಾ! ಎಷ್ಟು ಚೆಂದ ಕಾಣಾಕತ್ತಿ!”

ಹನ್ನೆರಡು ವರ್ಷದಲ್ಲಿ ಕೇಳದ ಮಾತು. ಮಮತಾ ನಾಚಿಕೊಂಡು ಹತ್ತಿರ ಬಂದು ಕೂತಳು. ಸಿದ್ದರಾಮೇಶ ಕಣ್ಣು ಕಿರಿದು ಮಾಡಿದ, ಹಿಗ್ಗಿಸಿದ, ತಲೆಯನ್ನು ಹಿಂದಕ್ಕೆಳೆದುಕೊಂಡ. ಮುಖವೆಲ್ಲ ಮಸುಕು ಮಸುಕು.

“ಸ್ವಲ್ಪ ದೂರ ಹೋಗು. ನೀ ದೂರದಾಗ ಚೆಂದ. ಹತ್ತರ ಬಂದ್ರ ಅಷ್ಟಿಲ್ಲ.”

ಆ ದಿನ ಅವನಿಗೆ ಊಟ ಬಡಿಸಿದ್ದು ಅವ್ವ.

ಐದನೆಯ ದಿನ ಉತ್ಸಾಹ ಹೆಚ್ಚಾಗಿ, ಶಾಲೆಯ ಗ್ರೂಪಿಗೆ ಧ್ವನಿಸಂದೇಶ ಕಳಿಸಿದ. ಮೊಬೈಲ್ ನೋಡಬಾರದೆಂದು ಹೇಳಿದ್ದರೇ ಹೊರತು ಮಾತಾಡಬಾರದೆಂದು ಹೇಳಿರಲಿಲ್ಲವಲ್ಲ. “ಎಲ್ಲಾರಿಗೂ ನಮಸ್ಕಾರ! ಕಣ್ಣು ಬಂದಾವ್ರಿ! ಎರಡೂ ಬಂದಾವ! ಭಾರಿ ಬಂದಾವ! ನಾಳೆನ ಸಾಲಿಗೆ ಬಂದು ಎಲ್ಲಾರನೂ ಕಣ್ತುಂಬ ನೋಡ್ತೀನಿ!”

ಕೇಳಿದವರಿಗೆ ಅರ್ಥವಾದದ್ದು ಒಂದೇ. ಕಣ್ಣು ಬಂದಾವ ಎಂದರೆ ನಮ್ಮ ಕಡೆ ಕಣ್ಣು ಕೆಂಪಗಾಗಿ, ನೀರು ಸುರಿದು, ಒಬ್ಬರಿಂದ ಒಬ್ಬರಿಗೆ ಹತ್ತುವ ಬೇನೆ. ಅದೂ ಎರಡೂ! ಅದೂ ಭಾರಿ! ಹೆಡ್‌ಮಾಸ್ತರ ಪಂಪಾಪತಿಯವರಿಂದ ಕೂಡಲೇ ಫೋನು ಬಂತು. “ಸಿದ್ದರಾಮೇಶ, ಕೈ ಮುಗೀತೀನಿ, ಸಾಲಿ ಕಡೆ ಹಾಯಬ್ಯಾಡ. ಮುನ್ನೂರು ಹುಡುಗರದಾರ!” ಸಂಜೆಯ ಹೊತ್ತಿಗೆ ಸುದ್ದಿ ಓಣಿಗೆ ಇಳಿಯಿತು. ಹಾಲಿನವನು ಪಾತ್ರೆಯನ್ನು ಗೇಟಿನಾಚೆಯೇ ಇಟ್ಟು ಓಡಿದ. ಕಿಟಕಿಯಲ್ಲಿ ಇವನ ಕರಿ ಕನ್ನಡಕ ಕಂಡವರೆಲ್ಲ ಮುಖಕ್ಕೆ ಸೆರಗು ಹಾಕಿಕೊಂಡು ದಾಟಿದರು.

“ಹದ್ದಿನ ಕಣ್ಣಿನವನಿಗೆ ಈ ಅವಮಾನವೇ?” ಎಂದು ಸಿದ್ದರಾಮೇಶ ಕುದ್ದುಹೋದ. ಮರುದಿನ ಮುಂಜಾನೆಯೇ ಮಾಳಿಗೆ ಹತ್ತಿ, ಸೀಟಿ ಊದಿ, ಓಣಿಯನ್ನೆಲ್ಲ ಕರೆದ.

“ನನ್ನ ಕಣ್ಣಿಗೆ ಬೇನಿ ಐತೆ ಅಂದವರು ಬರ್ರಿ! ಪರೀಕ್ಷಾ ಮಾಡ್ರಿ! ಅಲ್ಲಿ ರಸ್ತಾದಾಗ ಬರಾಕತ್ತ ಬಸ್ಸಿನ ಬೋರ್ಡು ಓದ್ತೀನಿ ಕೇಳ್ರಿ. ಸಿಂಧನೂರು, ಲಿಂಗಸುಗೂರು, ವಯಾ ಮಸ್ಕಿ!”

ಕೆಳಗೆ ನಿಂತವರಿಗೆ ಬಸ್ಸೇ ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತಿರ ಬಂದಾಗ ನೋಡಿದರೆ ಅಕ್ಷರಕ್ಷರ ಸರಿ! ಚಪ್ಪಾಳೆ ಬಿತ್ತು. ಹಿಂದಿನ ಬಸ್ಸು ಜವಳಗೇರಾಕ್ಕೆ ಹೋಗುವುದೆಂದ. ಅದೂ ಸರಿ! ಸೆರಗುಗಳು ಮುಖದಿಂದ ಇಳಿದವು. ಸಿದ್ದರಾಮೇಶ ಗೆದ್ದ ಪೈಲ್ವಾನನ ಹಾಗೆ ಮೆಟ್ಟಿಲಿಳಿದು ಅಂಗಳಕ್ಕೆ ಬಂದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ಮತ್ತೇನರ ಪರೀಕ್ಷಾ ಐತೇನು?” ಎಂದು ಕೇಳಿದ.

ಪಕ್ಕದ ಮನೆಯ ಖಾತೂನ್‌ಬೀ ಮುಂದೆ ಬಂದಳು. ಕೌದಿ ಹೊಲೆಯುವ ಮುದುಕಿ. ಕೈಯಲ್ಲಿ ಸೂಜಿ, ದಾರ. “ಭಲೇ ಮಾಸ್ತರ! ಇಷ್ಟು ಚಲೋ ಕಣ್ಣು ಬಂದಾವಂದ್ರ ಇದಕ್ಕೊಂದು ದಾರ ಏರಿಸಿಕೊಡಪಾ. ನಸುಕಿನಿಂದ ಕುಂತೀನಿ.”

“ಇಷ್ಟೇನಾ ಖಾಲಾ? ಕೊಡು ಇಲ್ಲಿ!”

ಸೂಜಿ ಹಿಡಿದ. ಸೂಜಿ ಎರಡಾಗಿ ಕಂಡಿತು, ಅವುಗಳಲ್ಲಿ ಒಂದಕ್ಕೂ ಕಣ್ಣಿರಲಿಲ್ಲ. ದಾರ ಹೆಬ್ಬೆರಳಿಗೆ ತಾಗಿತು, ಅಂಗಿ ಗುಂಡಿಗೆ ತಾಗಿತು, ಸೂಜಿಗೆ ತಾಗಲಿಲ್ಲ. ಕೈಯನ್ನು ಒಂದು ಗೇಣು ದೂರ ಒಯ್ದ. ಇನ್ನೊಂದು ಗೇಣು. ಪೂರ್ತಿ ಚಾಚಿದ. ಇನ್ನೂ ಸಾಲದೆ ಸೊಂಟವನ್ನು ಹಿಂದಕ್ಕೆ ಬಾಗಿಸಿದ. ಓಣಿಯವರು ಯಾವುದೋ ಹೊಸ ಯೋಗಾಸನವೆಂದು ತಿಳಿದು ಉಸಿರು ಬಿಗಿಹಿಡಿದು ನೋಡಿದರು.

ಕಟ್ಟೆಯ ಮೇಲೆ ಕೂತಿದ್ದ ಯಮನೂರಮ್ಮನಿಗೆ ನಗು ತಡೆಯಲಾಗಲಿಲ್ಲ.

“ಅವತ್ತ ಸಾಲ್ಯಾಗ ಇವಗ ಆರು ವರ್ಷ ಅಂತ ಬರಸಾಕ ಹೋದ್ರ ಕೈ ಉದ್ದ ಆಗಿತ್ತು. ಇವತ್ತ ದಾರ ಏರ್ಸಾಕ ಹೋದ್ರ ಗಿಡ್ಡ ಆತು ನೋಡ್ರಿ!”

“ಅಯ್ಯಯ್ಯೋ ಕಣ್ಣು!” ಎಂದು ಚೀರಿದ ಸಿದ್ದರಾಮೇಶ. ಆದರೆ ಮಾಳಿಗೆಯಿಂದ ಕೂಗಿ ಇನ್ನಷ್ಟು ಕೆಟ್ಟಿದ್ದ ಗಂಟಲಿನಿಂದ ಗಾಳಿಯಷ್ಟೇ ಬಂತು.

“ಹನ್ನೊಂದು ವರ್ಷದವನ್ನ ಆರು ಅಂತ ಬರಸೀನ್ರಬೇ! ಈಗ ಇವಗ ನಲವತ್ತನಾಕು!”

ಖಾತೂನ್‌ಬೀ ಸೂಜಿ ವಾಪಸು ತೆಗೆದುಕೊಂಡಳು. “ಮತ್ತ ಅದಕ್ಕ! ನಮ್ಮ ಮಾತಿನಾಗ ಚಾಳೀಸ್ ಅಂದ್ರ ನಲವತ್ತು. ನಲವತ್ತಕ್ಕ ಬಂದು ಮೂಗಿನ ಮ್ಯಾಲ ಕೂಡ್ತದಂತನ ಅದಕ್ಕ ಚಾಳೀಸು ಅಂತಾರ. ಇಪ್ಪತ್ತು ವರ್ಷ ಹಾಕ್ಕೊಂಡಿದ್ದಿ, ಅದರ ಹೆಸರಿನ ಅರ್ಥ ಗೊತ್ತಿಲ್ಲೇನಪಾ ಮಾಸ್ತರ?”

ಓಣಿ ನಕ್ಕಿತು. ಸಿದ್ದರಾಮೇಶನಿಗೆ ಓಣಿಯ ಪರಿವೆಯಿರಲಿಲ್ಲ. ಮಮತಾಳ ಕಡೆ ನೋಡಲು ಧೈರ್ಯವಾಗದೆ ನೆಲ ನೋಡುತ್ತ ನಿಂತ. ಹೆಂಡತಿಗೆ ಹನ್ನೆರಡು ವರ್ಷ ಒಂದೇ ಸುಳ್ಳು ಹೇಳಿಕೊಂಡು ಬಂದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಮಮತಾ ಒಳಗೆ ಹೋದಳು. ಶನಿವಾರ ಸಿಂಧನೂರಿಗೆ ತಪಾಸಣೆಗೆ ಹೋದಾಗಲೂ ಆ ಮಾತೆತ್ತಲಿಲ್ಲ. ಡಾಕ್ಟರ್ ಅಂಬಿಕಾ ಹೊಸ ಚಾಳೀಸಿನ ನಂಬರು ಬರೆದುಕೊಟ್ಟು, “ಮೂವತ್ತೊಂಬತ್ತಕ್ಕ ಈ ನಂಬರ್ ನಾನಂತೂ ನೋಡಿಲ್ರಿ” ಎಂದಾಗ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರವಿವಾರ ಬಂತು. ಮಮತಾ ಜೋಳದ ಹಿಟ್ಟು, ರೊಟ್ಟಿ ಬಡಿಯುವ ಕೊಣಮಿಗೆ ತಂದು ಮುಂದಿಟ್ಟಳು. ಸಿದ್ದರಾಮೇಶ ಹೊಸ ಚಾಳೀಸು ಏರಿಸಿಕೊಂಡು ಕೂತ. ಮೊದಲನೆಯ ರೊಟ್ಟಿ ರಾಯಚೂರು ಜಿಲ್ಲೆಯ ನಕಾಶೆಯಾಯಿತು. ಎರಡನೆಯದು ಅಂಚು ಒಡೆದು ಮೂರು ತಾಲ್ಲೂಕಾಯಿತು. ಯಮನೂರಮ್ಮ ಪಕ್ಕದಲ್ಲಿ ಕೂತು, “ಲೇಜಿಮ್ ಆಡ್ಸಿದಂಗ ಬಡಿಯೋ ಎಪ್ಪಾ, ತಾಳ ತಪ್ಪಬ್ಯಾಡ” ಎಂದು ಹುರಿದುಂಬಿಸಿದಳು. ಹೆಂಚಿನ ಆವಿಗೆ ಚಾಳೀಸು ಮಂಜಾಗಿ ಏನೂ ಕಾಣದಾಯಿತು.

ಕಾಣದಿದ್ದಾಗಲೇ ಧೈರ್ಯ ಬಂತು.

“ಮಮತಾ, ಸಿಟ್ಟಾಗಿದ್ದೀ ಏನು? ವಯಸ್ಸಿನ ಮಾತು ಮುಚ್ಚಿಟ್ಟಿದ್ದು ತಪ್ಪಾತು.”

“ಮುಚ್ಚಿಟ್ಟಿದ್ರೇನು? ಮದಿವ್ಯಾದ ಮೂರನೇ ದಿನಾನ ಅತ್ತಿ ಹೇಳ್ಯಾಳ.”

ಕೈಯಲ್ಲಿದ್ದ ಹಿಟ್ಟು ಜಾರಿ ಬಿತ್ತು. ಯಮನೂರಮ್ಮ ಗೋಡೆ ನೋಡುತ್ತ, “ನಿನ್ನ ಮುಂದ ಹೇಳಂಗಿಲ್ಲಂತ ಆಣಿ ಮಾಡಿದ್ನೇನವ್ವಾ? ನೆನಪಿಲ್ಲ” ಎಂದು ಗೊಣಗಿದಳು.

“ಮತ್ತ ಹನ್ನೆರಡು ವರ್ಷ ಯಾಕ ಸುಮ್ಮನಿದ್ದಿ?”

ಮಮತಾ ಗೋಡೆಗೊರಗಿ ಕಾಲು ಚಾಚಿ ಕೂತಳು, ರವಿವಾರದ ಪೇಪರ್ ಬಿಡಿಸಿದಳು, ಕನ್ನಡಕವಿಲ್ಲದೆಯೇ ಓದತೊಡಗಿದಳು.

“ಇಂಥ ಮಾತು ಸುಮ್ ಸುಮ್ನ ಆಡಿ ಕಳೀಬಾರದ್ರಿ. ಒಂದಿಲ್ಲೊಂದು ದಿನ ರೊಟ್ಟಿಗೆ ಬರ್ತದಂತ ಇಟ್ಟಿದ್ನಿ. ತಿರುವ್ರಿ ಅದನ್ನ, ಸೀಯಾಕತ್ತೈತಿ.”