ಮೋರಿಗೆ ಇಳಿಯುತ್ತಿದ್ದ ಯಜಮಾನರು

ನಮ್ಮ ಸೋದರಮಾವನಿಗೆ ಹಿಂದೂಪುರದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ ಯಾವುದು ಹೇಳಿ? ದೇವಸ್ಥಾನವೇ? ಕಾಫಿ ಹೋಟೆಲೇ? ಅಲ್ಲ ಸ್ವಾಮಿ, ಮೋರಿ! ಬೆಲ್ಲ, ಹುಣಿಸೆಹಣ್ಣಿನ ಮಂಡಿಗಳಿದ್ದ ಅವರ ಉದ್ದನೆಯ ಕಟ್ಟಡದ ಕೆಳಗೆ, ಚಪ್ಪಡಿ ಮುಚ್ಚಿದ, ಆಳು ನಿಲ್ಲುವಷ್ಟು ಆಳದ ಮೋರಿ. ಅದು ಕಟ್ಟಿಕೊಂಡಿತೋ, ಹಣೆ ತುಂಬ ವಿಭೂತಿ ಬಳಿದುಕೊಂಡು, ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಕಟ್ಟಡದ ಯಜಮಾನರೇ ಖುದ್ದು ಇಳಿಯುವರು!

ನೆಂಟರಿಗೆಲ್ಲ ನಾಚಿಕೆಗೇಡು. "ಭಾವ, ಲಿಂಗ ಕಟ್ಟಿದೋರು ಮಾಡೋ ಕೆಲಸವಾ ಇದು? ಆಳು ಸಿಕ್ಕಲ್ವಾ?" ಎಂದು ಕಲ್ಯಾಣದುರ್ಗದಿಂದ ಬಂದ ಅವರ ಭಾವಮೈದ ಮುಖ ಸಿಂಡರಿಸುತ್ತಿದ್ದ.

"ಸಿಕ್ತಾರೆ ಕಣಪ್ಪ. ನನ್ನ ಕಟ್ಟಡದ ಹೊಲಸಿಗೆ ಇನ್ನೊಬ್ಬರ ಮಗನ್ನ ಇಳಿಸ್ಲಾ?"

ಇಳಿದ ಮೇಲೆ ಬಾಯಿ ನಿಲ್ಲುತ್ತಿರಲಿಲ್ಲ. ಅವರ ಮಾತು ಮೇಲಕ್ಕೆ ಕೇಳಿಸುತ್ತಿರುವವರೆಗೂ ಭಯವಿಲ್ಲ, ನಿಂತರೆ ಹಗ್ಗ ಎಳೆಯಬೇಕು. ಇದು ಅವರದೇ ಕಾನೂನು. ಕೈಗೆ ಸಿಕ್ಕಿದ್ದನ್ನು ಮೇಲಕ್ಕೆಸೆಯುತ್ತ ಒಳಗಿನಿಂದಲೇ ಪಂಚಾಯ್ತಿ!

"ಈ ಹುಣಿಸೆಬೀಜ ಯಾರದ್ಲಾ? ಮೂಲೆ ಅಂಗಡಿಯೋನೇ, ನಿಂದೇ!"

"ಅದಿ ನಾದಿ ಕಾದು!" ಎಂದು ಅಂಗಡಿಯವನು ತೆಲುಗಿನಲ್ಲಿ ಕೈ ತೊಳೆದುಕೊಳ್ಳುವನು.

"ನಿಂದಲ್ದಿದ್ರೆ ನಮ್ಮಪ್ಪಂದೇನ್ಲಾ? ಗಿಡ ಆಗೋದ್ರೊಳಗೆ ಎತ್ಕೋ!"

ಬೀದಿಗೆ ಬೀದಿಯೇ ನಗುತ್ತಿತ್ತು.

ಆ ಸಲ ಹಬ್ಬಕ್ಕೆಂದು ಮಂಡಿಗಳು ಬಾಗಿಲು ಹಾಕಿದ್ದವು. ಹರಿಯದೆ ನಿಂತ ಬೆಲ್ಲದ ಕೊಚ್ಚೆ ಚಪ್ಪಡಿಯಡಿ ಹುಳಿತು ನೊರೆಯೆದ್ದಿತ್ತು. ಕಾಲೇಜು ರಜೆಗೆ ಬಂದಿದ್ದ ನನ್ನ ಕೈಯಲ್ಲಿ ಹಗ್ಗ.

"ಮಾವ, ಸ್ವಲ್ಪ ಗಾಳಿಯಾಡಲಿ. ನಾಳೆ ಇಳೀರಿ."

"ನಾಳೆ ಗಾಡಿಗಳು ಬಂದ್ಬುಡ್ತವೆ ಕಣ್ಲಾ! ಒಳ್ಳೆ ಹೆಂಡದ ವಾಸನೆ ಬತ್ತೈತೆ, ನಿಂಗೊಂದು ಲೋಟ ಕಳಿಸ್ಲಾ?" ಎನ್ನುತ್ತ ಇಳಿದೇಬಿಟ್ಟರು.

ಒಂದು ಗೋಣಿತಾಟು ಹೊರಬಿತ್ತು. "ಇದು ಯಾರ..."

ಅಷ್ಟೇ. ಯಾರ ತಲೆಗೆ ಕಟ್ಟೋಣವೆಂದು ಯೋಚಿಸುತ್ತಿದ್ದಾರೆ ಎಂದು ಜನ ನಕ್ಕರು. ನಾನು ಎಳೆದೆ. ಹಗ್ಗದ ಆ ತುದಿ ಕಲ್ಲು ಕಟ್ಟಿದಷ್ಟು ಭಾರ. ನಗು ನಿಂತದ್ದು ಆಗ. ಮೂಟೆ ಹೊರುವ ಹಮಾಲಿಯೊಬ್ಬ ಮೂಗಿಗೆ ಒದ್ದೆ ಟವೆಲು ಸುತ್ತಿಕೊಂಡು ಧುಮುಕಿ, ಅವರನ್ನು ಮೇಲಕ್ಕೆ ನೂಕಿದ. ಹಮಾಲಿ ಉಳಿದ. ಮಾವ ಉಳಿಯಲಿಲ್ಲ. ಇಂದಿಗೂ ಪಕ್ಕದಲ್ಲಿ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರೆ ನನ್ನ ಬೆರಳುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ.

ಕಲ್ಯಾಣದುರ್ಗದ ತವರಿಗೆ ಹೋಗಿದ್ದ ಅತ್ತೆ ಸಂಜೆಯ ಬಸ್ಸಿಗೆ ಬಂದರು. ಕೊಚ್ಚೆ ಮೆತ್ತಿದ ಮೈ ಮುಟ್ಟಲು ನೆಂಟರು ಹಿಂದೆಮುಂದೆ ನೋಡುತ್ತಿದ್ದರು. ಅತ್ತೆ ಯಾರನ್ನೂ ಕರೆಯಲಿಲ್ಲ. ಸೆರಗು ಸಿಕ್ಕಿಸಿ, ನೀರು ಕಾಯಿಸಿ ತಂದು, ಅವರ ತಲೆಗೆ ಸೀಗೆಪುಡಿ ಹಾಕಿ ಉಜ್ಜಿದರು. ಚೊಂಬು ಎತ್ತಿದವರು ಒಂದು ಗಳಿಗೆ ತಡೆದರು. ಅರೆ ತೆರೆದಿದ್ದ ಆ ರೆಪ್ಪೆಗಳ ಮೇಲೆ ಅಂಗೈ ಅಡ್ಡವಿಟ್ಟು ಮೆಲ್ಲಗೆ ಅಂದರು:

"ಕಣ್ಣು ಮುಚ್ಕಳ್ಳಿ, ಉರೀತೈತೆ."