ಮುಗಿಲಿಗೆ ನಿವಾಳಿಸಿದ ಉಪ್ಪು

ಮನೆತನದ ಮೊದಲ ಪದವೀಧರನಾಗುವುದೆಂದರೆ ಊರಿನ ಎಲ್ಲ ಅನುಮಾನಗಳಿಗೂ ವಾರಸುದಾರನಾಗುವುದು. ತುರ್ವಿಹಾಳದಿಂದ ಸಿಂಧನೂರಿಗೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ನಾನು ಸಂಪಾದಿಸಿದ್ದು ಒಂದು ಬಿ.ಎಸ್ಸಿ. ಮಾತ್ರ. ಆದರೆ ಮೋಟರು ಸುಟ್ಟರೂ, ಎಮ್ಮೆ ಮೇವು ಬಿಟ್ಟರೂ, ಮೊಬೈಲು ಮುನಿಸಿಕೊಂಡರೂ "ಸಾಲಿ ಕಲ್ತಾವ ಅದಾನಲ್ಲ, ಕರೀರಿ" ಎನ್ನುತ್ತಾರೆ. ನಾನೂ ಹೋಗುತ್ತೇನೆ. 'ಗೊತ್ತಿಲ್ಲ' ಎನ್ನುವುದೊಂದನ್ನು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ನೆಲದ ಮೇಲಿನದನ್ನು ಹೇಗೋ ನಿಭಾಯಿಸುತ್ತಿದ್ದೆ, ಮೊನ್ನೆ ಆಕಾಶವೂ ನನ್ನ ಪಾಲಿಗೆ ಬಂತು. ತಂಗಿಯ ಮದುವೆ ಗೊತ್ತುಮಾಡಲು ಪಾಮನಕಲ್ಲೂರಿನಿಂದ ಬೀಗರು ಬಂದಿದ್ದರು. ಹುಡುಗನನ್ನು ಅವಳು ಮನಸಾರೆ ಒಪ್ಪಿದ್ದಳು. ಮುಸ್ಸಂಜೆ, ಅಂಗಳದಲ್ಲಿ ಕಂಬಳಿ ಹಾಸಿತ್ತು. ಹುಡುಗನ ದೊಡ್ಡಪ್ಪ ಎಲೆ-ಅಡಿಕೆಗೆ ಕೈ ಚಾಚಬೇಕು, ಅಷ್ಟರಲ್ಲಿ ಮೂಡಣದಲ್ಲಿ ಕಿತ್ತಳೆ ಬಣ್ಣದ ಹೊಗೆಯೊಂದು ಜಿಲೇಬಿಯಂತೆ ಸುತ್ತಿಕೊಂಡು ಹೊಳೆಯತೊಡಗಿತು. ಚಾಚಿದ ಕೈ ಹಿಂದಕ್ಕೆ ಹೋಯಿತು.

"ಅಪಶಕುನ ಆತು ಬಿಡ್ರೀ. ಮುಗಿಲಿಗೆ ಉರಿ ಹತ್ತಿದಾಗ ಎಲಿ-ಅಡಿಕಿ ಹೆಂಗ ಹಿಡಿಯೋದು?"

ಬಾಗಿಲ ಮರೆಯಲ್ಲಿದ್ದ ತಂಗಿಯ ಮುಖ ಬಾಡಿತು. ಎಲ್ಲರ ಕಣ್ಣೂ ನನ್ನ ಮೇಲೆ. ಪುಣ್ಯಕ್ಕೆ ಬೆಳಿಗ್ಗೆಯಷ್ಟೇ ಪತ್ರಿಕೆಯಲ್ಲಿ ಇದರ ಸುದ್ದಿ ಓದಿದ್ದೆ. ಎದ್ದು ನಿಂತು ಪಾಠ ಶುರುಮಾಡಿದೆ.

"ಅದು ರಾಕೆಟ್ ರೀ. ಭಾಳ ಮ್ಯಾಲಿನ ಗಾಳಿ ಯಾ ಕಡಿ ಬೀಸಾಕತ್ತೈತಿ ಅಂತ ನೋಡಾಕ ವಿಜ್ಞಾನಿಗಳು ಸೋಡಿಯಂ ಆವಿ ಬಿಟ್ಟಾರ."

"ಸೋಡಿಯಂ ಅಂದ್ರ?"

"ಉಪ್ಪಿನಾಗ ಇರತೈತಲ್ಲರೀ, ಅದು."

ದೊಡ್ಡಪ್ಪ ಯೋಚಿಸಿದರು. "ಉಪ್ಪು ಮ್ಯಾಲೆ ಒಯ್ದು ಸುಟ್ಟಾರೇನು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ನುಗ್ಗಿದಳು. "ಹೌದ್ರೀ ಅಣ್ಣಾರ, ದೃಷ್ಟಿ ತಗದಾರ! ನಿನ್ನಿ ನಾನೂ ನಮ್ಮ ಹುಡುಗಿಗಿ ಉಪ್ಪು ನಿವಾಳಿಸಿ ಒಲಿಗೆ ಹಾಕೀನಿ."

"ಮೊದ್ಲ ಹೇಳಬಾರದೇನ್ರೀ! ಸರಕಾರಾನ ದೇಶದ ದೃಷ್ಟಿ ತಗಿಯಾಕತ್ತೈತಿ ಅಂದ್ರ ಇದಕಿಂತ ಚಲೋ ಗಳಿಗಿ ಯಾವುದೈತಿ? ತರ್ರಿ ಎಲಿ-ಅಡಿಕಿ."

"ಹಂಗಲ್ಲರೀ, ಅದು ಸುಡಂಗಿಲ್ಲ. ಅಷ್ಟು ಎತ್ತರದಾಗ ಇನ್ನೂ ಬಿಸಿಲೈತಿ, ಅದಕ್ಕ ಹೊಳಿಯಾಕತ್ತೈತಿ..."

ಬೆನ್ನ ಹಿಂದಿನಿಂದ ತಂಗಿ ಪಿಸುಗುಟ್ಟಿದಳು: "ಅಣ್ಣಾ, ನಿನ್ನ ಬಿ.ಎಸ್ಸಿ. ಅಷ್ಟಕ್ಕ ಸಾಕು ಮಾಡು."

ಸತ್ಯ ಗಂಟಲಿಗೆ ಬಂದಿತ್ತು, ಎಲೆ-ಅಡಿಕೆ ಕೈಗೆ ಬಂದಿತ್ತು. ಬಾಯಿಗೆ ಹಾಕಿಕೊಂಡು ಎರಡನ್ನೂ ಒಟ್ಟಿಗೇ ನುಂಗಿದೆ.

ಈಗ ಸಾಲಗುಂದದಿಂದಲೂ ಜನ ಬರುತ್ತಾರೆ: "ಮುಂದಿನ ರಾಕೆಟ್ ಯಾವಾಗ್ರೀ ಸರ? ಮಗನ ಮದುವಿ ಇಟ್ಕೋಬೇಕು." ನಾನು ತಿದ್ದಲು ಹೋಗಿ ಗಂಟಲು ಕೆಡಿಸಿಕೊಂಡರೆ, ಅವ್ವ "ನನ್ನ ಮಗನ ವಿದ್ಯಾಕ್ಕ ಊರ ಕಣ್ಣು ಬಿದ್ದೈತಿ" ಎಂದು ಹಿಡಿ ಉಪ್ಪು ಹಿಡಿದು ಬರುತ್ತಾಳೆ. ನಾನು ಸುಮ್ಮನೆ ಕುಳಿತು ನಿವಾಳಿಸಿಕೊಳ್ಳುತ್ತೇನೆ. ಒಲೆಗೆ ಬಿದ್ದ ಉಪ್ಪು ಚಟಪಟ ಸಿಡಿದು ಉರಿ ಹಳದಿಯಾಗುವಾಗ, ಆ ಹಳದಿ ಯಾವುದರದೆಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದವನು ಈ ಮನೆಯಲ್ಲಿ ನಾನೊಬ್ಬನೇ ಎಂದು ಒಳಗೊಳಗೇ ಬೀಗುತ್ತೇನೆ.