ತಲಾ ಮುನ್ನೂರು

"ಎರಡು ತಲೆ ಅಂತ ಬರ್ಕೊಳಪ್ಪ," ಎನ್ನುತ್ತ ತಿಪ್ಪಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ ಆರುನೂರು ರೂಪಾಯಿಯನ್ನು ಹಿಟ್ಟಿನ ಗಿರಣಿಯ ತಕ್ಕಡಿಯ ಮೇಲಿಟ್ಟಳು.

ಮಂಜಪ್ಪ ಪೆನ್ನು ನಿಲ್ಲಿಸಿದ. ಹುಬ್ಬು, ಮೀಸೆ, ಕಿವಿಯಂಚಿಗೆಲ್ಲ ರಾಗಿ ಹಿಟ್ಟು ಕೂತು, ಐವತ್ತರ ಆಸಾಮಿ ಎಂಬತ್ತರ ಮುದುಕನಂತೆ ಕಾಣುತ್ತಿದ್ದ. "ನೀನಿರೋದು ಒಬ್ಳೇ ಅಲ್ವೇನಜ್ಜಿ? ಇನ್ನೊಂದು ಯಾರ್ದು?"

"ಯಾರ್ದೋ ಒಂದು. ಇಂಥ ಹೊರಡೋ ಗಡಿಬಿಡೀಲಿ ಒಬ್ರು ಉಳ್ಕೊಂಡೇ ಉಳ್ಕೋತಾರೆ. ಸುಮ್ನೆ ಬರ್ಕೊ."

"ಯಾರೋ ಅನ್ನೋ ತಲೆಗೆ ನನ್ ಪಟ್ಟೀಲಿ ಜಾಗ ಇಲ್ಲ. ವಯಸ್ಸಾಯ್ತು, ಲೆಕ್ಕ ತಪ್ತೀಯ," ಎಂದು ಸರದಿಯಲ್ಲಿದ್ದವರೆಲ್ಲ ನಗುವಂತೆ ಹೇಳಿ, ಮುನ್ನೂರನ್ನು ಅಜ್ಜಿಯ ಕೈಗೆ ವಾಪಸ್ ಹಾಕಿದ. ಅಜ್ಜಿ ಏನೋ ಹೇಳಲು ಬಾಯಿ ತೆರೆದವಳು, ನಗುವವರನ್ನು ನೋಡಿ ಮತ್ತೆ ಗಂಟು ಕಟ್ಟಿಕೊಂಡಳು.

ಅವತ್ತು ತರೀಕೆರೆಯಲ್ಲಿ ಫೈಜಲ್‌ನ ಮಗಳು ಮಹೆಕ್‌ಳ ಮದುವೆ. ಶಿವನಿ ಊರಿನ ಗಿರಣಿ ಬೀದಿಯಿಂದ ಹದಿಮೂರು ಸೀಟಿನ ಗಾಡಿ ಗೊತ್ತು ಮಾಡಿ, ತಲಾ ಮುನ್ನೂರು ವಸೂಲಿಗೆ ಕೂತಿದ್ದವನು ಮಂಜಪ್ಪ. ಈ ಗಿರಣಿಯನ್ನು ಅವನೂ ಫೈಜಲ್ಲೂ ಸೇರಿ ಇಪ್ಪತ್ತು ವರ್ಷ ನಡೆಸಿದ್ದರು. ಇಬ್ಬರ ಸ್ನೇಹ ಕೆಟ್ಟದ್ದೂ ಇಂಥದೇ ಒಂದು ಪಟ್ಟಿಯಿಂದ. ನಾಲ್ಕು ವರ್ಷದ ಹಿಂದೆ ಬೀದಿಯವರೆಲ್ಲ ಕೆಮ್ಮಣ್ಣುಗುಂಡಿಗೆ ಹೋದಾಗ ಫೈಜಲ್‌ನ ತಾಯಿ ಚಾಂದ್ ಬಿ ರೋಜಾ ಉಪವಾಸ ಇದ್ದರು. ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಆದರೂ ಮಂಜಪ್ಪ ಅವರ ಪಾಲಿನ ಊಟದ ದುಡ್ಡು ಬಿಡಲಿಲ್ಲ. "ತಲಾ ಅಂದ್ರೆ ತಲಾ. ಉಂಡ್ರೂ ಅಷ್ಟೆ, ಬಿಟ್ರೂ ಅಷ್ಟೆ," ಎಂದಿದ್ದ. ಫೈಜಲ್ ದುಡ್ಡು ಎಣಿಸಿ ಕೊಟ್ಟ. ಮುಂದಿನ ತಿಂಗಳು ಗಿರಣಿಯಲ್ಲಿನ ತನ್ನ ಪಾಲು ತೆಗೆದುಕೊಂಡು ತರೀಕೆರೆ ಸೇರಿದ. ಆಮೇಲೆ ಮಾತೇ ಇಲ್ಲ.

ಹೋದ ವಾರ ಅವನೇ ಫೋನು ಮಾಡಿದ್ದ. "ಹಳೇದೆಲ್ಲ ಬಿಡೋ ಮಂಜ. ನಿಕಾಹ್ ಹನ್ನೆರಡಕ್ಕೆ. ಅಷ್ಟೊತ್ತಿಗೆ ಬಂದು ನನ್ ಪಕ್ಕ ನಿಂತ್ಕೊ, ಸಾಕು." ಅವತ್ತಿನಿಂದ ಮಂಜಪ್ಪನಿಗೆ ನಿದ್ದೆಯಿಲ್ಲ. ಚಾಂದ್ ಬಿ ಅವರಿಗೆಂದೇ ಐದು ಕೆಜಿ ರಾಗಿಯನ್ನು ಎರಡು ಸಲ ನುಣ್ಣಗೆ ಬೀಸಿ ಚೀಲ ಕಟ್ಟಿದ್ದ. ಅದನ್ನು ಮುಂದಿಟ್ಟು "ತಪ್ಪಾಯ್ತಮ್ಮ" ಅನ್ನಬೇಕು. ಅದೊಂದೇ ಅವನ ಆಸೆ.

ಆದರೇನು, ಹುಟ್ಟುಗುಣ ಸುಟ್ಟರೂ ಹೋಗದು.

"ನಂಗೆ ಶುಗರ್ರು ಕಣಯ್ಯ, ಮದ್ವೆ ಊಟ ಮುಟ್ಟಲ್ಲ. ಅರ್ಧ ತಲೆ ಬರ್ಕೊ," ಎಂದ ಉಗ್ರಪ್ಪ.

"ಊಟ ಅವರ ಮನೇದು. ಇದು ಗಾಡೀದು. ಮುನ್ನೂರು."

"ಇವನು ನನ್ ತೊಡೆ ಮೇಲೆ ಕೂರ್ತಾನೆ ಮಂಜಣ್ಣ," ಎಂದು ಅಂಗನವಾಡಿಯ ಸಂಗೀತಾ ಐದು ವರ್ಷದ ಮಗನನ್ನು ಹಿಂದಕ್ಕೆ ಸರಿಸಿದಳು.

"ತೊಡೆ ಮೇಲೆ ಕೂತ್ರೂ ತಲೆ ತಲೆನೇ ಕಣಮ್ಮ. ಮುನ್ನೂರು."

ಕೊನೆಗೆ ಟೈಲರ್ ರಾಜಶೇಖರ್ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದು, ಅಜ್ಜಿ ಕೇಳಿದ್ದ ಎರಡನೇ ಸೀಟು ಹಿಡಿದ. ಹದಿಮೂರು ತಲೆ, ಮೂರು ಸಾವಿರದ ಒಂಬೈನೂರು. ಪಟ್ಟಿಯೂ ದುಡ್ಡೂ ಒಂದಕ್ಕೊಂದು ಸರಿಹೋದದ್ದು ನೋಡಿ ಮಂಜಪ್ಪನ ಮುಖ ಹಬ್ಬದ ಒಬ್ಬಟ್ಟಿನಂತೆ ಅರಳಿತು.

ಹತ್ತು ಗಂಟೆಗೆ ಗಾಡಿ ಬಂತು. ಮಂಜಪ್ಪ ಮೈಯ ಹಿಟ್ಟು ಒರೆಸಿ, ಇಸ್ತ್ರಿ ಅಂಗಿ ತೊಟ್ಟು, ಪಟ್ಟಿಯನ್ನು ಡ್ರೈವರ್ ಮುನಾವರ್‌ಗೆ ಕೊಟ್ಟು, ಒಬ್ಬೊಬ್ಬರನ್ನೇ ಹೆಸರು ಕರೆದು ಹತ್ತಿಸಿದ. ಮುನಾವರ್ ಒಳಗೆ ಎಣಿಸಿದ. "ಹದಿಮೂರು. ಬಾಗ್ಲು ಹಾಕ್ರೀ."

"ಲೋ ತಡಿಯೋ, ನಾನು?"

"ಪಟ್ಟೀಲಿ ನೀವೆಲ್ಲಿದೀರಿ ಮಂಜಣ್ಣ?"

ಮಂಜಪ್ಪ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದ. ಊರಿಗೆಲ್ಲ ಬಡಿಸಿ ತನಗೇ ಎಲೆ ಹಾಕಿಕೊಳ್ಳದ ಅಡುಗೆಭಟ್ಟನಂತೆ ಬೆಪ್ಪಾಗಿ ನಿಂತ.

"ಮಗೂನ ಎತ್ತಿ ತೊಡೆ ಮೇಲೆ ಕೂರಿಸ್ಕೊ ಸಂಗೀತಾ. ನಾನು ಮೂಲೇಲಿ..."

"ತೊಡೆ ಮೇಲೆ ಕೂತ್ರೂ ತಲೆ ತಲೆನೇ," ಎಂದ ಉಗ್ರಪ್ಪ ಕಿಟಕಿಯಿಂದ. ಗಾಡಿಯೆಲ್ಲ ಗೊಳ್ ಎಂದಿತು.

ಮುನಾವರ್ ಮಾತ್ರ ನಗಲಿಲ್ಲ. "ಹೋದ ವಾರ ಒಂದೇ ಒಂದು ತಲೆ ಜಾಸ್ತಿಗೆ ಫೈನ್ ಕಟ್ಟಿದೀನಿ ಮಂಜಣ್ಣ. ಹದಿನಾಲ್ಕು ಹತ್ಸಲ್ಲ."

ಬಸ್ಸು ಒಂಬತ್ತಕ್ಕೇ ಹೋಗಿತ್ತು, ಇನ್ನೊಂದು ಎರಡಕ್ಕೆ. ಬೀದಿಯಲ್ಲಿ ಬೈಕು ಇದ್ದವರೆಲ್ಲ ಈ ಗಾಡಿಯೊಳಗೇ ಕೂತಿದ್ದರು.

ತಿಪ್ಪಮ್ಮಜ್ಜಿ ಸೀಟು ಬಿಟ್ಟೆದ್ದು ಬಾಗಿಲಿಗೆ ಬಂದಳು. "ನಿನ್ ತಲೆ ನೀನು ಲೆಕ್ಕಕ್ಕೆ ಹಿಡಿಯಲ್ಲ ಅಂತ ಗೊತ್ತಿತ್ತು ಕಣಪ್ಪ. ಹೆಸ್ರು ಹೇಳಿದ್ರೆ ನನ್ ದುಡ್ಡು ಬೇಡ ಅಂತೀಯ ಅಂತ ಹೇಳ್ಲಿಲ್ಲ. ಬಾ, ನನ್ ಜಾಗ್ದಲ್ಲಿ ಕೂತ್ಕೊ."

ಮಂಜಪ್ಪನಿಗೆ ಬೆಳಿಗ್ಗೆ ನಕ್ಕವರ ನಗು ಈಗ ಕೇಳಿಸಿದಂತಾಯಿತು. "ಬೇಡಜ್ಜಿ. ನೀನು ಹೋಗ್ಬಾ," ಎಂದು ತಾನೇ ಬಾಗಿಲು ಹಾಕಿದ.

ಗಾಡಿ ಹೊರಟ ಮೇಲೆ ಕೈಯಲ್ಲಿದ್ದ ಹಿಟ್ಟಿನ ಚೀಲ ಕಣ್ಣಿಗೆ ಬಿತ್ತು. ತಾನಲ್ಲದಿದ್ದರೆ ಅದಾದರೂ ಹೋಗಲಿ! ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಗಾಡಿ ಅಲ್ಲೇ ನಿಂತಿತು. ಮಂಜಪ್ಪ ಚೀಲ ಅಪ್ಪಿಕೊಂಡು ಓಡಿದ. ಇಸ್ತ್ರಿ ಅಂಗಿಯ ಮೇಲೆಲ್ಲ ಹಿಟ್ಟು ಸುರಿಯಿತು. ಇನ್ನೇನು ಹತ್ತು ಹೆಜ್ಜೆ ಅನ್ನುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಫೈಜಲ್.

"ಹೊರಟ್ರೇನೋ? ಎಷ್ಟು ಜನ? ಅಡುಗೆಯವ್ನು ಪ್ಲೇಟಿನ ಲೆಕ್ಕ ಕೇಳ್ತಿದಾನೆ."

"ಹದಿಮೂರು," ಎಂದ ಮಂಜಪ್ಪ ಏದುಸಿರು ಬಿಡುತ್ತ.

"ನಿನ್ನ ಸೇರಿಸಿಯೋ, ಬಿಟ್ಟೋ?"

ಮಂಜಪ್ಪ ಫೋನನ್ನು ಕಿವಿಗೊತ್ತಿಕೊಂಡು ಚೀಲದ ಬಾಯಿ ಬಿಗಿಹಿಡಿದ.

"ಬಿಡು, ನಿಂದಂತೂ ಆಗ್ಲೇ ಹಿಡಿದಾಯ್ತು. ಅಮ್ಮಾನೇ ಬಂದು ಹೇಳಿದ್ಲು, ಮಂಜುಗೊಂದು ಪ್ಲೇಟು ಮೊದ್ಲು ಬರೀರಿ, ಅವ್ನು ಉಂಡ್ರೂ ಅಷ್ಟೆ, ಬಿಟ್ರೂ ಅಷ್ಟೆ ಅಂತ." ಫೈಜಲ್ ನಕ್ಕ. "ಲೇ ಮಂಜ? ಕೇಳಿಸ್ತೇನೋ?"

ರೈಲು ಹೋಯಿತು. ಗೇಟು ಮೇಲೆದ್ದಿತು. ಚೀಲ ಇನ್ನೂ ಮಂಜಪ್ಪನ ತೋಳಲ್ಲೇ ಇರುವಾಗ ಗಾಡಿ ಮುಂದಕ್ಕೆ ಹೊರಟಿತು.